ನಂದಿಬಟ್ಟಲ ಹೂವಿನ ಮೇಲೆ ಹೊರಿಸಿದ ತಪ್ಪು

ಸಿಟ್ಟು ನನಗೆ ಹುಟ್ಟುತ್ತಲೇ ಬಂದದ್ದು, ಡಾಕ್ಟರಿಕೆ ಆಮೇಲೆ ಕಲಿತದ್ದು. ನಮ್ಮ ತಂದೆ ಮನೆಯಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದರು. ಒಂದು ಅಕ್ಷರ ತಪ್ಪಿದರೂ ಅವರ ಕೈಯಲ್ಲಿದ್ದ ಬೀಸಣಿಗೆಯ ಹಿಡಿಕೆ ಶಿಷ್ಯನ ತಲೆಗೆ ಬೀಳುತ್ತಿತ್ತು. ನಾನು ಬೀಸಣಿಗೆ ಹಿಡಿಯಲಿಲ್ಲ, ಆ ಕೆಲಸವನ್ನು ನಾಲಿಗೆಯಿಂದಲೇ ಮಾಡಿದೆ. ಹಾನಗಲ್ಲಿನ ಸುತ್ತಲಿನ ಹಳ್ಳಿಗಳಲ್ಲಿ ನನ್ನನ್ನು ‘ಬೈಯೋ ಡಾಕ್ಟ್ರು’ ಅಂತಲೇ ಗುರುತಿಸುತ್ತಿದ್ದರು. ಅದನ್ನು ಕೇಳಿ ನನಗೆ ಒಳಗೊಳಗೇ ಹೆಮ್ಮೆ. ಬೈಯುವವನು ಪ್ರಾಮಾಣಿಕ ಎಂದು ಜನ ನಂಬುತ್ತಾರೆ. ನಾನೂ ನಂಬಿದ್ದೆ.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷ ಹಾನಗಲ್ಲಿನಲ್ಲಿ ಒಂದು ಬಾಡಿಗೆ ಮನೆ ಹಿಡಿದು ಕಣ್ಣಿನ ದವಾಖಾನೆ ತೆರೆದೆ. ಪಡಸಾಲೆಯಲ್ಲಿ ರೋಗಿಗಳು ಕೂರುತ್ತಿದ್ದರು, ನಡುಮನೆಯಲ್ಲಿ ನಾನು. ಕಣ್ಣಿನ ಒಳಗನ್ನು ನೋಡಬೇಕಾದರೆ ಕತ್ತಲೆ ಬೇಕಲ್ಲ, ಅದಕ್ಕೆ ಕಿಟಕಿಯಿಲ್ಲದ ದೇವರ ಕೋಣೆಯನ್ನೇ ಖಾಲಿ ಮಾಡಿಸಿ ಬಾಗಿಲಿಗೆ ಕರೀ ಪರದೆ ಕಟ್ಟಿಸಿದ್ದೆ. ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಕಡೆಯ ಜನಕ್ಕೆ ಹತ್ತಿರದಲ್ಲಿ ಕಣ್ಣಿನ ಡಾಕ್ಟರು ಅಂದರೆ ನಾನೇ. ಆಯಾ ಊರಿನ ಸಂತೆಯ ದಿನ ಬಸ್ಸು ಹತ್ತಿ ಅಲ್ಲಿಗೆ ಹೋಗಿ, ಯಾರದೋ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ನೋಡುತ್ತಿದ್ದೆ. ವರ್ಷಕ್ಕೆ ನಾಲ್ಕೈದು ಸಲ ಊರಿನವರು ಸೇರಿ ಶಿಬಿರ ಇಡುತ್ತಿದ್ದರು. ಆಗ ನೂರಾರು ಮುದುಕ ಮುದುಕಿಯರ ಪೊರೆ ತೆಗೆಯುತ್ತಿದ್ದೆ.

ಅಷ್ಟು ಜನರನ್ನು ನೋಡಬೇಕಾದರೆ ಒಂದು ರೂಢಿ ಬೇಕು. ನನ್ನ ರೂಢಿ ಇದು: ಟಾರ್ಚು ಹಾಕಿದಾಗ ಕಣ್ಣ ಪಾಪೆಯಲ್ಲಿ ಬಿಳಿ ಕಂಡರೆ ಪೊರೆ, ಹೆಸರು ಶಿಬಿರದ ಪಟ್ಟಿಗೆ. ಕೆಂಪಿದ್ದರೆ ಹನಿ ಔಷಧ. ಬಿಳಿಯೂ ಇಲ್ಲ, ಕೆಂಪೂ ಇಲ್ಲ ಅಂದರೆ ಚಶ್ಮಾ. ಒಬ್ಬೊಬ್ಬರಿಗೆ ಎರಡು ನಿಮಿಷ. ಪಾಪೆ ಹಿಗ್ಗಿಸುವ ಹನಿ ಹಾಕಿ, ಅರ್ಧ ತಾಸು ಕೂರಿಸಿ, ಆಮೇಲೆ ಕತ್ತಲೆ ಕೋಣೆಗೆ ಕರೆದು ಕಣ್ಣಿನ ಒಳಪರದೆ ನೋಡುವುದನ್ನು ನಾನು ಚೆನ್ನಾಗಿ ಕಲಿತಿದ್ದೆ. ಆದರೆ ಅದನ್ನು ಮಾಡುತ್ತಿದ್ದದ್ದು ಅಪರೂಪಕ್ಕೆ, ಅದೂ ರೋಗಿ ಕಲಿತವನಾಗಿದ್ದು ಪ್ರಶ್ನೆ ಕೇಳುವವನಾದರೆ.

ಆ ಹುಡುಗ ಪ್ರಶ್ನೆ ಕೇಳುವವನಾಗಿರಲಿಲ್ಲ. ವಯಸ್ಸು ಇಪ್ಪತ್ತು. ಊರು ತಿಳವಳ್ಳಿ, ಹಾನಗಲ್ಲಿನ ಪೇಟೆಯಲ್ಲಿ ಒಬ್ಬ ಟೇಲರನ ಕೈಕೆಳಗೆ ಹೊಲಿಗೆ ಕೆಲಸ. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಓಡಿ ಬಂದಿದ್ದ.

“ಸಾಹೇಬ್ರ, ನಾ ಹೊಲಿಯೋ ಬಟ್ಟಿ ಮ್ಯಾಲ ಕರೇ ದಾರ ಬಿದ್ದಂಗ ಕಾಣತೈತ್ರಿ. ಝಾಡಿಸಿದ್ರ ಹೋಗೂದಿಲ್ಲ. ಬಿಳೇ ಬಟ್ಟಿ ಇದ್ರಂತೂ ಭಾಳ ಕಾಣತೈತ್ರಿ.”

“ಒಂದ ಕಣ್ಣಾಗೋ, ಎರಡೂ ಕಣ್ಣಾಗೋ?”

“ಬಲಗಣ್ಣಿಲೆ ನೋಡಿದ್ರ ಅಷ್ಟರಿ. ಕಣ್ಣು ಹೊಳ್ಳಿಸಿದ್ರ ಅದೂ ಹೊಳ್ಳತೈತ್ರಿ.”

ಇಷ್ಟು ಮಾತಿನಲ್ಲಿ ಅವನು ರೋಗವನ್ನೇ ನನ್ನ ಕೈಗೆ ಇಟ್ಟಿದ್ದ. ಇಪ್ಪತ್ತರ ಹುಡುಗ, ಒಂದೇ ಕಣ್ಣು, ಕಣ್ಣಿನೊಡನೆ ಚಲಿಸುವ ಕರಿಯ ಎಳೆಗಳು. ಪರೀಕ್ಷೆಯಲ್ಲಿ ಯಾವನಾದರೂ ವಿದ್ಯಾರ್ಥಿ ಇದನ್ನು ಕೇಳಿಯೂ ಪಾಪೆ ಹಿಗ್ಗಿಸದೆ ಬಿಟ್ಟಿದ್ದರೆ ನಾನೇ ಅವನನ್ನು ಫೇಲು ಮಾಡುತ್ತಿದ್ದೆ. ಆದರೆ ಆವತ್ತು ಶಿಗ್ಗಾವಿಯಲ್ಲಿ ಶಿಬಿರದ ಉದ್ಘಾಟನೆ ಇತ್ತು. ವೇದಿಕೆಯ ಮೇಲೆ ನನಗೊಂದು ಕುರ್ಚಿ, ಒಂದು ಹಾರ, ಹತ್ತು ನಿಮಿಷದ ಭಾಷಣ. ಕಂಪೌಂಡರು, ನನಗಿಂತ ವಯಸ್ಸಿನಲ್ಲಿ ಬಹಳ ಹಿರಿಯರು, ನನ್ನ ಚೀಲ ಹಿಡಿದು ಬಾಗಿಲಲ್ಲಿ ನಿಂತು, “ಬಸ್ಸಿನ ಟೈಮ್ ಆತ್ರಿ” ಎಂದು ಎರಡು ಸಲ ಹೇಳಿದ್ದರು.

ಟಾರ್ಚು ಹಾಕಿದೆ. ಬಿಳಿಯಿಲ್ಲ, ಕೆಂಪಿಲ್ಲ. ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲೊಂದು ಬಿಟ್ಟು ಎಲ್ಲ ಓದಿದ.

“ಕಣ್ಣಿಗೆ ದಣಿವು ಆಗ್ಯದ. ಸಣ್ಣ ನಂಬರದ ಚಶ್ಮಾ ಬರದೇನಿ, ಹಾಕ್ಕೋ. ಸಿನೆಮಾ ನೋಡೋದು ಕಡಿಮಿ ಮಾಡು” ಎಂದೆ.

“ಸಿನೆಮಾಕ್ಕ ಹೋಗಾಕ ನಮ್ಮ ಮಾಲಕ ಎಲ್ಲಿ ಬಿಡತಾನ್ರಿ” ಎಂದ. ಪಡಸಾಲೆಯವರೆಲ್ಲ ನಕ್ಕರು. ನಾನೂ ನಕ್ಕೆ. ಚೀಟಿ ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಅವನು ಹೋದ. ನನಗೆ ಬಸ್ಸು ಸಿಕ್ಕಿತು.

ಎರಡು ತಿಂಗಳ ಮೇಲೆ ಅವನು ಮತ್ತೆ ಬಂದಾಗ ಜೊತೆಗೆ ಅವನ ತಾಯಿ ಇದ್ದಳು. ಗದ್ದೆಯಲ್ಲಿ ಕೂಲಿ ಮಾಡುವವಳು, ಐವತ್ತರ ಹತ್ತಿರದ ವಯಸ್ಸು. ಮಗನ ಮಣಿಕಟ್ಟು ಹಿಡಿದುಕೊಂಡೇ ಒಳಗೆ ಬಂದಳು. ಇಪ್ಪತ್ತು ವರ್ಷದವನನ್ನು ಹಾಗೆ ಹಿಡಿದುಕೊಂಡು ಬಂದದ್ದನ್ನು ನೋಡಿದಾಗಲೇ ನನಗೆ ತಿಳಿಯಬೇಕಿತ್ತು. ಹಿಂದಿನ ದಿನ ಹೊಲಿಯುತ್ತ ಕೂತವನಿಗೆ ಬಲಗಣ್ಣಿನ ಮುಂದೆ ಹೊಗೆ ಎದ್ದಂತಾಗಿ, ಸ್ವಲ್ಪ ಹೊತ್ತಿನಲ್ಲಿ ಎಲ್ಲ ಕಪ್ಪಾಗಿತ್ತು. ಈಗ ಆ ಕಣ್ಣಿನ ಮುಂದೆ ಕೈ ಆಡಿಸಿದರೆ ಆಡಿದ್ದು ಮಾತ್ರ ತಿಳಿಯುತ್ತಿತ್ತು, ಬೆರಳು ಎಷ್ಟೆಂದು ಹೇಳಲು ಬರುತ್ತಿರಲಿಲ್ಲ.

ಟಾರ್ಚು ಹಾಕಿದೆ. ಹೊರಗಿನಿಂದ ಕಣ್ಣು ಸ್ವಚ್ಛವಾಗಿತ್ತು. ಹಾಗಿದ್ದರೂ ನನ್ನ ಬಾಯಿಂದ ಮೊದಲು ಬಂದದ್ದು ನನ್ನ ರೂಢಿಯ ಪ್ರಶ್ನೆ.

“ಕಣ್ಣಿಗೆ ಏನ ಹಾಕಿದ್ದಿ?”

ಈ ಪ್ರಶ್ನೆಗೆ ಒಂದು ಹಿನ್ನೆಲೆ ಇತ್ತು, ಅದನ್ನು ಹೇಳದಿದ್ದರೆ ನನಗೆ ನಾನೇ ಅನ್ಯಾಯ ಮಾಡಿದಂತೆ. ಯಾವುದೋ ಎಲೆಯ ರಸ, ಸುಣ್ಣದ ತಿಳಿ, ತಂಬಾಕಿನ ನೀರು ಹಾಕಿಸಿಕೊಂಡು ಕರಿಗುಡ್ಡೆಗೆ ಹುಣ್ಣಾಗಿ ಬಂದ ಮಕ್ಕಳನ್ನು ನಾನು ಎಷ್ಟೋ ನೋಡಿದ್ದೆ. ಅವರ ಕಣ್ಣು ಉಳಿಸಲಾಗದೆ ಊಟ ಬಿಟ್ಟ ದಿನಗಳಿದ್ದವು. ಕಣ್ಣಿಗೆ ಮನೆಮದ್ದು ಹಾಕಬೇಡಿ ಎಂದು ನಾಲ್ಕೂ ತಾಲ್ಲೂಕಿನಲ್ಲಿ ಕೂಗಿ ಕೂಗಿ ನನ್ನ ಗಂಟಲು ಹೋಗಿತ್ತು. ಆ ಸಿಟ್ಟು ಸುಳ್ಳಲ್ಲ. ಅದನ್ನು ತಪ್ಪು ಜಾಗದಲ್ಲಿ ಬಳಸಿದೆ.

“ಏನೂ ಹಾಕಿಲ್ರಿ” ಎಂದಳು. ಆಮೇಲೆ ದನಿ ಇಳಿಸಿ, “ನಂದಿಬಟ್ಟಲ ಹೂವಿನ ನೀರಿಲೆ ತೊಳದೇನ್ರಿ. ಹೊಲಿಗಿ ಮಾಡಿ ಮಾಡಿ ಕಣ್ಣು ಉರೀತಾವ ಅಂತಿದ್ದ, ತಂಪಾಗ್ಲಿ ಅಂತ” ಎಂದಳು.

“ಎಷ್ಟ ದಿನಾ?”

“ಇಪ್ಪತ್ತ ದಿನಾ ಆಗಿರಬೇಕ್ರಿ.”

ಪಡಸಾಲೆಯಲ್ಲಿ ಮೂವತ್ತು ನಲವತ್ತು ಜನ ಇದ್ದರು. ನಾನು ಎದ್ದು ನಿಂತೆ. ಅವರಿಗೆಲ್ಲ ಕೇಳುವಂತೆ, “ಮಗನ ಕಣ್ಣು ನೀನ ಕೈಯಾರೆ ಕಳದಿ. ಹಡದ ಕೈಯಿಂದನ ಕುರುಡ ಮಾಡಿದಿ” ಎಂದೆ. ಜನರ ಕಡೆ ತಿರುಗಿ, “ನೋಡ್ರಿ, ಎಲ್ಲಾರೂ ನೋಡ್ರಿ. ನಾ ಹೇಳಿದ್ರ ನಿಮಗ ಸುಳ್ಳ ಅನಸ್ತದ. ಈಕಿನ್ನ ನೋಡ್ರಿ” ಎಂದೆ. ಇನ್ನೂ ಏನೇನೋ ಅಂದೆ. ಹುಡುಗ, “ಅವ್ವಂದೇನೂ ತಪ್ಪಿಲ್ರಿ” ಎಂದು ನಡುವೆ ಬಂದ. ಅವನನ್ನೂ ಸುಮ್ಮನಿರಿಸಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಆನಿಕೊಂಡಳು. ಹಾಗೇ ಜಾರಿ ನೆಲದ ಮೇಲೆ ಕೂತಳು.

ನನ್ನ ಸ್ವಂತ ತಾಯಿ ಬೇಸಿಗೆ ಬಂತೆಂದರೆ ಸಂಜೆಯೇ ನಂದಿಬಟ್ಟಲ ಹೂ ಬಿಡಿಸಿ ತಂಬಿಗೆಯ ನೀರಿನಲ್ಲಿ ಹಾಕಿಟ್ಟು, ಬೆಳಿಗ್ಗೆ ನಮ್ಮೆಲ್ಲರ ಕಣ್ಣು ಅದರಿಂದ ತೊಳೆಯುತ್ತಿದ್ದಳು. ಆ ನೀರಿನಲ್ಲಿ ತಂಪು ಬಿಟ್ಟರೆ ಬೇರೇನಿಲ್ಲ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಅದೇ ಕೆಲಸ ಮಾಡಿದ ನಮ್ಮ ಓಣಿಯ ಒಬ್ಬ ಹೆಂಗಸು ಮಗನನ್ನು ಕರೆತಂದಿದ್ದರೆ ‘ಇನ್ನ ಮ್ಯಾಲ ಬ್ಯಾಡ್ರಿ’ ಎಂದು ಮೆಲ್ಲಗೆ ಹೇಳಿ ಕಳಿಸುತ್ತಿದ್ದೆ. ಈಕೆ ಊರ ಹೊರಗಿನ ಕೇರಿಯವಳು. ಅವಳಿಗೆ ‘ನೀ’ ಎನ್ನುವುದೂ ಗದರುವುದೂ ನನಗೆ ಸಹಜವಾಗಿ ಬಂದಿತ್ತು. ಇದನ್ನು ನಾನು ಆಗ ಒಪ್ಪುತ್ತಿರಲಿಲ್ಲ. ಈಗ ಒಪ್ಪದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ.

ಬೈದು ಮುಗಿದ ಮೇಲೆ ಒಂದು ಸಣ್ಣ ಅನುಮಾನ ಬಂತು. ಹೊರಗಿನಿಂದ ಹಾಕಿದ ಹೂವಿನ ನೀರು ಒಳಗೆ ಕತ್ತಲೆ ಮಾಡುವುದು ಹೇಗೆ? ಕರಿಗುಡ್ಡೆ ಕನ್ನಡಿಯ ಹಾಗಿತ್ತಲ್ಲ. ಹುಡುಗನ ಎರಡೂ ಕಣ್ಣಿಗೆ ಪಾಪೆ ಹಿಗ್ಗಿಸುವ ಹನಿ ಹಾಕಿಸಿ ಕೂರಿಸಿದೆ. ಉಳಿದ ರೋಗಿಗಳನ್ನು ನೋಡಿ ಅರ್ಧ ತಾಸಿನ ಮೇಲೆ ಕತ್ತಲೆ ಕೋಣೆಗೆ ಕರೆದೆ.

ಬಲಗಣ್ಣಿನೊಳಗೆ ಬರೀ ರಕ್ತ. ಏನೂ ಕಾಣಲಿಲ್ಲ. ಎಡಗಣ್ಣು ನೋಡಿದೆ. ನಡುಭಾಗವೆಲ್ಲ ಚೆನ್ನಾಗಿತ್ತು. ಪಕ್ಕಕ್ಕೆ ನೋಡು ಎಂದು ಅವನಿಗೆ ಹೇಳಿ ಬೆಳಕನ್ನು ಅಂಚಿನ ಕಡೆ ಸರಿಸಿದೆ. ಅಂಚಿನ ರಕ್ತನಾಳಗಳ ಸುತ್ತ ಬಿಳಿಯ ಪಟ್ಟಿ ಕಟ್ಟಿತ್ತು. ಅಲ್ಲಲ್ಲಿ ರಕ್ತದ ಚುಕ್ಕೆ. ಅದರಾಚೆ, ಇರಬಾರದ ಜಾಗದಲ್ಲಿ, ಕೂದಲಿಗಿಂತ ಸಣ್ಣ ಹೊಸ ನಾಳಗಳು ಬಲೆಯ ಹಾಗೆ ಹಬ್ಬಿದ್ದವು. ತರುಣರಿಗೇ ಹೆಚ್ಚಾಗಿ ಬರುವ ಆ ಅಪರೂಪದ ರೋಗದ ವಿವರವನ್ನು ನಾನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಒಳಪರದೆಯ ನಾಳಗಳು ಉರಿಗೊಂಡು ಮುಚ್ಚಿಹೋಗುತ್ತವೆ, ಅಂಚಿಗೆ ರಕ್ತ ಸಿಗದಾಗ ಕಣ್ಣು ಹೊಸ ನಾಳ ಬೆಳೆಸುತ್ತದೆ, ಆ ನಾಳಗಳು ಬಲವಿಲ್ಲದವು, ಒಡೆದು ಕಣ್ಣು ತುಂಬ ರಕ್ತ ಸುರಿಸುತ್ತವೆ. ಮೊದಲು ಸ್ವಲ್ಪ ಒಸರುತ್ತದೆ. ಅದು ರೋಗಿಗೆ ಕರಿಯ ದಾರದ ಹಾಗೆ ಕಾಣುತ್ತದೆ.

ಅಂದರೆ ಬೈದು ಒಂದು ತಾಸು ಆಗುವುದರೊಳಗೆ ನನಗೆ ಎಲ್ಲ ಗೊತ್ತಾಗಿತ್ತು. ಅವಳು ಇನ್ನೂ ಅದೇ ಗೋಡೆಯ ಹತ್ತಿರ ಕೂತಿದ್ದಳು. ಕತ್ತಲೆ ಕೋಣೆಯಿಂದ ಅಲ್ಲಿಗೆ ಇಪ್ಪತ್ತು ಹೆಜ್ಜೆ. ಹೋಗಿ, ‘ತಾಯೀ, ನಿನ್ನ ಹೂವಿನದಲ್ಲ ತಪ್ಪು, ನಾನು ಮೊದಲೇ ನೋಡಬೇಕಿತ್ತು’ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಬೈಗುಳ ಕೇಳಿದ ಜನ ಇನ್ನೂ ಅಲ್ಲೇ ಇದ್ದರು. ಅವರ ಎದುರು ನನ್ನ ಮಾತು ನಾನೇ ನುಂಗುವುದಾಗಲಿಲ್ಲ. ಹೊರಗೆ ಬಂದು, “ಇನ್ನೊಂದು ಕಣ್ಣಿಗೂ ರೋಗದ ಸುಳಿವು ಅದ. ನಾ ಹೇಳಿದಂಗ ಕೇಳಿದ್ರ ಉಳಸ್ತೇನಿ” ಎಂದೆ. ಅವಳು ಎರಡೂ ಕೈ ಮುಗಿದಳು.

ಎಡಗಣ್ಣಿಗಾಗಿ ನಾನು ಪಟ್ಟ ಪಾಡನ್ನು ನೋಡಿದವರು ಇವನಿಗೆ ಮರುಳು ಹಿಡಿದಿದೆ ಅಂದಿರಬೇಕು. ಉರಿ ಇಳಿಸುವ ಮಾತ್ರೆ ಶುರು ಮಾಡಿದೆ. ಈ ರೋಗಕ್ಕೂ ಕ್ಷಯಕ್ಕೂ ನಂಟಿದೆ ಎನ್ನುತ್ತಿದ್ದರು, ತೋಳಿಗೆ ಚುಚ್ಚಿ ನೋಡಿದರೆ ದೊಡ್ಡ ಗುಳ್ಳೆ ಎದ್ದಿತು, ಅದಕ್ಕೂ ಔಷಧ ಹಚ್ಚಿದೆ. ರಕ್ತ ಕೆಳಗೆ ಇಳಿದು ನಿಲ್ಲಲು ತಲೆ ಎತ್ತರದಲ್ಲಿರಬೇಕು, ಅವನು ಒರಗಿ ಕೂತೇ ಮಲಗಬೇಕು ಎಂದೆ. ತಾಯಿ ಭತ್ತದ ಚೀಲಗಳನ್ನು ಗೋಡೆಗೆ ಒಟ್ಟಿ ಅವನಿಗೆ ಒರಗು ಮಾಡಿಕೊಟ್ಟಳು. ವಾರಕ್ಕೊಮ್ಮೆ ತಿಳವಳ್ಳಿಗೆ ನಾನೇ ಬಸ್ಸು ಹತ್ತಿ ಹೋಗಿ ನೋಡಿ ಬರುತ್ತಿದ್ದೆ.

ಆದರೆ ಆ ಹೊಸ ನಾಳಗಳನ್ನು ಬೆಳಕಿನಿಂದ ಸುಡುವ ಯಂತ್ರ ಬೇಕಿತ್ತು. ಅದು ನಮ್ಮ ಸೀಮೆಯಲ್ಲಿರಲಿಲ್ಲ. ನನ್ನ ಜೊತೆ ಓದಿದವಳೊಬ್ಬಳು ಮುಂಬಯಿಯಲ್ಲಿ ಒಳಪರದೆಯ ಡಾಕ್ಟರಾಗಿದ್ದಳು. ಅವಳಿಗೆ ಪತ್ರ ಬರೆದು, ದವಾಖಾನೆಗೆ ಬೀಗ ಹಾಕಿ, ಹುಬ್ಬಳ್ಳಿಯಿಂದ ರೈಲು ಹಿಡಿದು ಹುಡುಗನನ್ನು ನಾನೇ ಕರೆದುಕೊಂಡು ಹೋದೆ. ಅವನು ಊರು ಬಿಟ್ಟು ಅಷ್ಟು ದೂರ ಹೋದದ್ದು ಅದೇ ಮೊದಲು. ದಾರಿಯುದ್ದಕ್ಕೂ ಕಿಟಕಿಯ ಹತ್ತಿರ ಕೂತು ಎಡಗಣ್ಣಿನಿಂದ ಎಲ್ಲ ನೋಡುತ್ತಿದ್ದ, ನಿಲ್ದಾಣದ ಹೆಸರುಗಳನ್ನು ಓದಿ ನನಗೆ ಹೇಳುತ್ತಿದ್ದ. ನನಗೆ ಅವನ ಮುಖ ನೋಡುವುದು ಕಷ್ಟವಾಗುತ್ತಿತ್ತು.

ಮುಂಬಯಿಯಲ್ಲಿ ಆ ಗೆಳತಿ ಹಳೆಯ ಕಾಗದಗಳಿದ್ದರೆ ಕೊಡು ಎಂದಾಗ ಹುಡುಗ ಕಿಸೆಯಿಂದ ಆ ಚಶ್ಮಾದ ಚೀಟಿ ತೆಗೆದುಕೊಟ್ಟ. ಅದರ ಮೇಲೆ ತಾರೀಖಿತ್ತು, ‘ಬಲಗಣ್ಣು, ಕಪ್ಪು ಎಳೆ ಕಾಣುವುದು’ ಎಂದು ನಾನೇ ಬರೆದಿದ್ದೆ, ಕೆಳಗೆ ಚಶ್ಮಾದ ನಂಬರು. ಅವಳು ಓದಿದಳು. ಹುಡುಗನನ್ನು ಹೊರಗೆ ಕಳಿಸಿ, “ಇದು ನಿನ್ನ ಅಕ್ಷರ” ಎಂದಳು.

“ಆವತ್ತ ಭಾಳ ಗದ್ದಲ ಇತ್ತು” ಎಂದೆ.

“ನಾ ಏನೂ ಕೇಳಲಿಲ್ಲ” ಎಂದು ಚೀಟಿ ಮಡಚಿ ಮೇಜಿನ ಮೇಲಿಟ್ಟಳು. ಬಲಗಣ್ಣಿನ ರಕ್ತ ಅಷ್ಟರಲ್ಲಿ ಕೊಂಚ ತಿಳಿಯಾಗಿತ್ತು. ಆದರೆ ಒಳಪರದೆ ಜಗ್ಗಿ ಕಿತ್ತುಬಂದಿತ್ತು, ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಎಡಗಣ್ಣಿಗೆ ಆ ಯಂತ್ರದ ಬೆಳಕು ಕೊಟ್ಟಳು. ಒಂದು ವರ್ಷದಲ್ಲಿ ಮೂರು ಸಲ ಹೋಗಿ ಬಂದೆವು. ಕೊನೆಯ ಸಲ ಅವಳು ಹುಡುಗನೊಬ್ಬನನ್ನೇ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದಳು. ಔಷಧದ ವಿಷಯ ಇರಬೇಕೆಂದು ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಹೊಸ ನಾಳಗಳು ಬಾಡಿದವು. ಎಡಗಣ್ಣು ಉಳಿಯಿತು.

ಊರಿಗೆ ಬಂದರೆ ನನಗೆ ಸನ್ಮಾನ. ಬಡವರ ಮಗನನ್ನು ಮುಂಬಯಿವರೆಗೆ ಕರೆದೊಯ್ದ ಡಾಕ್ಟರು ಎಂದು ನಾಲ್ಕು ತಾಲ್ಲೂಕಿನಲ್ಲಿ ಹೆಸರಾಯಿತು. ಬೈದರೂ ಮನಸ್ಸು ಬೆಣ್ಣೆ ಎಂದರು. ಸವಣೂರಿನಲ್ಲಿ ಶಾಲು ಹೊದಿಸಿ, ಎಲೆಬಳ್ಳಿಯ ತೋಟದವರು ಒಂದು ಬುಟ್ಟಿ ವೀಳ್ಯದೆಲೆ ಕೊಟ್ಟರು. ನಾನು ಎಲೆ ಹಾಕುವವನೇ ಅಲ್ಲ. ತೆಗೆದುಕೊಂಡು ಬಂದು ಕಂಪೌಂಡರಿಗೆ ಕೊಟ್ಟೆ.

ಇಲ್ಲಿಯವರೆಗಿನದನ್ನು ಹೇಡಿತನ ಎಂದು ಕರೆದು ಬಿಡಬಹುದು. ಮುಂದೆ ಮಾಡಿದ್ದಕ್ಕೆ ಆ ಹೆಸರು ಸಾಲದು.

ಹಿರೇಕೆರೂರಿನ ಶಿಬಿರಕ್ಕೆ ಆ ತಾಯಿ ತಾನಾಗಿಯೇ ಬಂದಳು. ಮಗನ ಕಣ್ಣು ಉಳಿಸಿದ ಋಣಕ್ಕೆ ಶಿಬಿರದಲ್ಲಿ ನೀರು ಹೊತ್ತು ಹಾಕುತ್ತೇನೆ ಎಂದಳು. ಮಧ್ಯಾಹ್ನ ಮಗು ಎತ್ತಿಕೊಂಡ ಒಬ್ಬ ಹೆಂಗಸಿಗೆ ನಾನು ಮನೆಮದ್ದಿನ ಬಗ್ಗೆ ಬೈಯುತ್ತಿದ್ದೆ. ಈಕೆ ಕೊಡ ಕೆಳಗಿಟ್ಟು ನಡುವೆ ಬಂದು, “ಸಾಹೇಬ್ರ ಮಾತು ಕೇಳವಾ. ನಾ ಕೇಳಲಿಲ್ಲ, ನನ್ನ ಮಗನ ಕಣ್ಣು ನನ್ನ ಕೈಯಿಂದನ ಹೋತು” ಎಂದಳು. ಆ ಹೆಂಗಸು ಸೆರಗಿನಲ್ಲಿ ಕಟ್ಟಿಕೊಂಡಿದ್ದ ಎಲೆಗಳನ್ನು ಅಲ್ಲೇ ಚೆಲ್ಲಿದಳು. ನಾನು ವರ್ಷಗಟ್ಟಲೆ ಕೂಗಿ ಮಾಡಲಾಗದ್ದನ್ನು ಈಕೆ ಎರಡು ಮಾತಿನಲ್ಲಿ ಮಾಡಿದ್ದಳು. ಅದನ್ನು ನೋಡಿ ನನಗೆ ಬಂದ ಯೋಚನೆ ಯಾವುದು ಗೊತ್ತೆ? ಮುಂದಿನ ಶಿಬಿರಕ್ಕೂ ಈಕೆಯನ್ನು ಕರೆಸಬೇಕು.

ಕರೆಸಿದೆ. ಒಂದು ಸಲ ಅಲ್ಲ, ಎಂಟು ವರ್ಷ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು, ಚಿಕ್ಕೇರೂರು, ಎಲ್ಲೆಲ್ಲಿ ಶಿಬಿರವೋ ಅಲ್ಲಿಗೆಲ್ಲ ಬಂದಳು. ಔಷಧದ ಪೆಟ್ಟಿಗೆಯ ಪಕ್ಕದಲ್ಲಿ ನಿಂತು ತನ್ನ ತಪ್ಪನ್ನು ಹೇಳಿಕೊಳ್ಳುತ್ತಿದ್ದಳು. “ನಾ ಪಾಪಿ ಅದೇನ್ರಿ. ನನ್ನ ಮಾರೀ ನೋಡ್ಕೊರ್ರಿ. ನನ್ನಂಗ ಮಾಡಬ್ಯಾಡ್ರಿ.” ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಕುರ್ಚಿಯ ಮೇಲೆ ಕೂತು ಚೀಟಿ ಬರೆಯುವವನಂತೆ ತಲೆ ಬಗ್ಗಿಸಿರುತ್ತಿದ್ದೆ. ಇದರಿಂದ ಎಷ್ಟೋ ಮಕ್ಕಳ ಕಣ್ಣು ಉಳಿಯುತ್ತಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಉಳಿಯುತ್ತಿದ್ದದ್ದೂ ನಿಜ. ಆ ನಿಜದ ಹಿಂದೆ ನಾನು ಬೆಚ್ಚಗೆ ಕೂತಿದ್ದೆ.

ಹಿರೇಬೆಂಡಿಗೇರಿಯ ಶಿಬಿರದಲ್ಲಿ ಒಬ್ಬಳು ಅವಳನ್ನು, “ನಿನ್ನ ಮಗಾ ನಿನಗ ಬೈದನೇನಬೇ?” ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು.

“ಇಲ್ಲವಾ. ಒಂದ ದಿನಾನೂ ಬೈದಿಲ್ಲ. ಬೈದಿದ್ರ ಇಲ್ಲಿ ಇಷ್ಟ ಭಾರ ಆಗತಿರಲಿಲ್ಲ” ಎಂದು ಎದೆಯ ಮೇಲೆ ಕೈ ಇಟ್ಟುಕೊಂಡಳು.

ಆ ಹೊತ್ತು ನನ್ನ ಕೈಯಲ್ಲಿದ್ದ ಪೆನ್ನು ನಿಂತಿತು. ಎದ್ದು ಹೇಳಿಬಿಡಬೇಕು ಅನ್ನಿಸಿತು. ಸಾಲಿನಲ್ಲಿದ್ದ ಮುಂದಿನವನ ಹೆಸರು ಕರೆದೆ.

ಹುಡುಗ ಈ ನಡುವೆ ತಿಳವಳ್ಳಿಯಲ್ಲೇ ತನ್ನ ಸ್ವಂತ ಮಶೀನು ಇಟ್ಟುಕೊಂಡ. ಮದುವೆಯಾಯಿತು. ಆರು ತಿಂಗಳಿಗೊಮ್ಮೆ ತಪ್ಪದೆ ನನ್ನಲ್ಲಿಗೆ ಬರುತ್ತಿದ್ದ, ನಾನು ಪಾಪೆ ಹಿಗ್ಗಿಸಿ, ಎಡಗಣ್ಣಿನ ಅಂಚಿನ ಒಂದು ಗೆರೆಯನ್ನೂ ಬಿಡದೆ ನೋಡುತ್ತಿದ್ದೆ. ಒಂಬತ್ತನೆಯ ವರ್ಷ ಹಾಗೇ ಬಂದವನು ನೋಡಿಸಿಕೊಂಡ ಮೇಲೂ ಏಳಲಿಲ್ಲ.

“ಸಾಹೇಬ್ರ, ನನ್ನ ಹೇಣ್ತಿ ತವರ ಮನಿಯಿಂದ ಕೂಸಿನ್ನ ಕರಕೊಂಡು ಬಂದು ತಿಂಗಳಾತ್ರಿ. ಅವ್ವ ಕೂಸಿನ ಮೈ ಮುಟ್ಟೂದಿಲ್ರಿ. ನಮ್ಮ ಮನ್ಯಾಗ ಕೂಸಿಗೆ ಎರಿಯೂದು ಮೊದಲಿಂದ ಅಜ್ಜಿ ಆದಾಕಿ ಕೆಲಸ. ಅವ್ವ ಬಚ್ಚಲದಾಗ ನೀರ ಕಾಸಿ ಕೊಡತಾಳ, ಹೊರಗ ಹೋಗಿ ಕುಂಡ್ರತಾಳ. ನನ್ನ ಕೈ ಕೂಸಿನ ಕಣ್ಣಿಗೆ ಹತ್ತೀತು, ಬ್ಯಾಡ ಅಂತಾಳ್ರಿ. ಮಂದಿ ಮನಿ ಹೆಂಗಸರ್ನ ಕರದು ಎರಸಾಕತ್ತೇವಿ. ನೀವ ಬಂದು ಒಂದ ಮಾತು ಹೇಳ್ರಿ.”

ಮರುದಿನವೇ ತಿಳವಳ್ಳಿಗೆ ಹೋದೆ. ಎಲ್ಲ ಹೇಳಿಬಿಡುತ್ತೇನೆ ಎಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಳ್ಳುತ್ತ ಹೋದೆ. ಸಣ್ಣ ಹೆಂಚಿನ ಮನೆ, ಗೋಡೆಯ ಮೇಲೆ ಬುದ್ಧನ ಚಿತ್ರದ ಕ್ಯಾಲೆಂಡರು, ಕಿಟಕಿಯ ಕೆಳಗೆ ಹೊಲಿಗೆಯ ಮಶೀನು. ಸೊಸೆ ಕೂಸಿನೊಡನೆ ಒಳಗಿದ್ದಳು. ಅವನ ತಾಯಿ ನನಗೆ ಕುರ್ಚಿ ಹಾಕಿ ತಾನು ಹೊಸ್ತಿಲ ಹತ್ತಿರ ನಿಂತಳು. “ನೀವೂ ಕೂಡ್ರಿ” ಎಂದೆ. ಒಂಬತ್ತು ವರ್ಷದಲ್ಲಿ ಅವಳಿಗೆ ನಾನು ‘ನೀವು’ ಎಂದದ್ದು ಅದೇ ಮೊದಲು. ಅವಳಿಗೆ ಗಾಬರಿಯಾಯಿತು. ಮಗನ ಕಣ್ಣಿಗೆ ಮತ್ತೇನಾದರೂ ಆಯಿತೇನೋ ಎಂದು ಅವನ ಕಡೆ ನೋಡಿದಳು.

“ಕಣ್ಣು ಛಲೋ ಅದ. ನಾ ಬ್ಯಾರೆ ಹೇಳಲಿಕ್ಕೆ ಬಂದೇನಿ. ನಿಮ್ಮ ಹೂವಿನ ನೀರಿನಿಂದ ಆವತ್ತ ಕಣ್ಣು ಹೋಗಲಿಲ್ಲ. ಅದು ರಕ್ತನಾಳದ ರೋಗ, ಒಳಗಿಂದ ಬಂದದ್ದು. ನೀವು ತೊಳದಿದ್ದರೂ ಅಷ್ಟ, ತೊಳೀದಿದ್ದರೂ ಅಷ್ಟ. ನಿಮ್ಮ ಕೈಯಾಗ ಏನೂ ತಪ್ಪಿಲ್ಲ.”

ಅವಳು ತನ್ನ ಅಂಗೈಗಳನ್ನು ನೋಡಿಕೊಂಡಳು. ಆಮೇಲೆ, “ಖರೇ ಹೇಳಾಕತ್ತೀರ್ಯೋ, ಕೂಸಿನ ಸಲುವಾಗಿ ಹೇಳಾಕತ್ತೀರ್ಯೋ?” ಎಂದಳು.

“ಖರೇನ ಹೇಳಲಿಕ್ಕತ್ತೇನಿ.”

“ಮತ್ತ ಆವತ್ತ ಹಂಗ್ಯಾಕ ಅಂದ್ರಿ?”

“ಆವತ್ತ ನನಗೂ ತಿಳೀಲಿಲ್ಲ” ಎಂದೆ. ಮೊದಲನೆಯ ಸುಳ್ಳು.

ಅವಳು ತಲೆಯಾಡಿಸಿದಳು. ಏನನ್ನೋ ಲೆಕ್ಕ ಹಾಕುವವಳಂತೆ ನಿಧಾನವಾಗಿ ಕೇಳಿದಳು. “ಅದಕ್ಕೂ ಮೊದಲ ಅವಾ ಒಬ್ಬನ ನಿಮ್ಮ ಕಡೆ ಬಂದಿದ್ದನಲ್ರಿ, ಚಶ್ಮಾ ಬರದು ಕೊಟ್ಟಿದ್ರಿ. ಆವಾಗ ಆ ರೋಗ ಇರಲಿಲ್ಲೇನ್ರಿ?”

ಬಸ್ಸಿನಲ್ಲಿ ನಾನು ಜೋಡಿಸಿಕೊಂಡು ಬಂದ ಮಾತಿಗೆ ಇದೇ ಜಾಗ. ಅವಳೇ ಬಾಗಿಲು ತೆರೆದು ಕೊಟ್ಟಿದ್ದಳು. ‘ಇತ್ತು, ನಾನು ನೋಡಲಿಲ್ಲ’ ಎಂದರೆ ಸಾಕಿತ್ತು. ಮಗ ಮಶೀನಿನ ಪಕ್ಕದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ.

“ಇರಲಿಲ್ಲ” ಎಂದೆ.

“ಇರಲಿಲ್ಲಬೇ ಅವ್ವಾ” ಎಂದು ಅವನೂ ಹೇಳಿದ. “ಡಾಕ್ಟ್ರು ನೋಡಿದ್ರು. ಆವಾಗ ಏನೂ ಇರಲಿಲ್ಲ.”

ಅವಳು ಬಂದು ನನ್ನ ಕಾಲು ಮುಟ್ಟಿದಳು. ನನಗಿಂತ ಹದಿನೈದು ವರ್ಷ ದೊಡ್ಡವಳು. ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡಿದ್ದಳು. “ಮನೀತನಕಾ ಬಂದು ಹೇಳಿದ್ರಿ. ದೊಡ್ಡಾವ್ರು ನೀವು” ಎಂದಳು. ಆಮೇಲೆ ಒಳಗೆ ಹೋದಳು. ಸೊಸೆಯ ಜೊತೆ ಏನೋ ಮಾತು, ಹಂಡೆಯಿಂದ ನೀರು ತೋಡುವ ಸಪ್ಪಳ, ಸ್ವಲ್ಪ ಹೊತ್ತಿಗೆ ಕೂಸು ಅಳುವುದು ಕೇಳಿಸಿತು.

ಬಸ್ಸಿನ ಹಾದಿಯವರೆಗೆ ಅವನು ನನ್ನ ಚೀಲ ಹಿಡಿದುಕೊಂಡು ಬಂದ. ಅರ್ಧ ದಾರಿಯಲ್ಲಿ ನಾನು ಕೇಳಿದೆ, “ನಿನಗ ಗೊತ್ತಿತ್ತೇನು?”

“ಗೊತ್ತಿತ್ರಿ. ಮುಂಬಯಿ ಡಾಕ್ಟರ್ ಬಾಯಿಯವ್ರು ಕಡೀ ಸಲ ಹೋದಾಗ ಹೇಳಿದ್ರು. ಮೊದಲ ಸಲಾನ ನೋಡಿದ್ದರ ಆ ಕಣ್ಣೂ ಉಳೀತಿತ್ತು ಅಂದ್ರು.”

“ಮತ್ತ ಇಷ್ಟ ವರ್ಷ ನನ್ನ ಕಡೇನ ಬಂದಿ.”

“ಬ್ಯಾರೆ ಯಾರ ಕಡೆ ಹೋದ್ರೂ ನಿಮ್ಮಷ್ಟ ನೋಡೂದಿಲ್ಲ ಅನ್ನೂದು ನನಗ ಗೊತ್ತಿತ್ರಿ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅಳತೆ ಹೇಳುವವನ ಹಾಗೆ ಹೇಳಿದ.

ಆದರೂ ಇನ್ನೊಂದು ಮಾತು ಕೇಳದೆ ಇರಲಾಗಲಿಲ್ಲ. ಅದರಲ್ಲೂ ನಾಚಿಕೆಗೇಡು, ಅವನ ಮೇಲೂ ಒಂದಿಷ್ಟು ತಪ್ಪು ಹೊರಿಸಬಹುದೇ ಎಂದು ನೋಡುವ ಮಾತು ಅದು. “ಗೊತ್ತಿದ್ದೂ ಅವ್ವಗ ಯಾಕ ಹೇಳಲಿಲ್ಲ? ಇಷ್ಟ ವರ್ಷ ಆಕಿ ಸುಮ್ಮನ ಅದನ್ನ ಹೊತ್ತಳಲ್ಲ.”

“ಹೂವಿಂದಲ್ಲ ಅಂತ ಸಾವಿರ ಸಲ ಹೇಳೇನ್ರಿ. ನನ್ನ ಮಾತು ನಂಬಲಿಲ್ಲ. ನಿಮ್ಮ ಬಾಯಿಂದ ಬಂದ ಮಾತು ಅದು, ನಾ ತಗದ್ರ ಹೋಗತಿರಲಿಲ್ರಿ. ನಿಮ್ಮ ಮನಸಿಗೆ ಬರೂತನಾ ಕಾದ್ನಿ. ಕೂಸು ಬಂತು, ಇನ್ನ ಕಾಯಾಕ ಆಗಲಿಲ್ಲ.”

ಬಸ್ಸು ಬಂತು. ಅವನು ಚೀಲವನ್ನು ಒಳಗೆ ಇಟ್ಟು ಕೆಳಗಿಳಿದು, “ಆರ ತಿಂಗಳಿಗೆ ಬರ್ತೇನ್ರಿ” ಎಂದ. ನಾನು ಹೂಂ ಎಂದೆ. ಅವನ ಕ್ಷಮೆ ಕೇಳುವುದು ನನಗೆ ಹಾನಗಲ್ಲು ತಲುಪಿದ ಮೇಲೆ ನೆನಪಾಯಿತು.